ಏಳುನೂರ ಎಂಟು ಸಲ

ತಂಗಿ ನಿದ್ದೆ ಮಾಡುವುದರಲ್ಲೂ ತನಗಿಂತ ಒಂದು ಕೈ ಮೇಲು ಎಂದು ಅವಳಿಗೆ ಅನ್ನಿಸಿತು. ಬೆಳಿಗ್ಗೆ ಎಂಟಾಗಿತ್ತು. ಕಿಟಕಿಯ ಬಿಸಿಲು ನೇರ ರೆಪ್ಪೆಯ ಮೇಲೆ ಬಿದ್ದಿದ್ದರೂ ಮಂಚದ ಆ ಬದಿಯಲ್ಲಿ ತಂಗಿ ಒಂದು ಕೈ ಎದೆಯ ಮೇಲಿಟ್ಟುಕೊಂಡು, ಮಧ್ಯಾಹ್ನ ಮೂರಕ್ಕೆ ತುಂಬಿದ ಸಭೆಯ ಎದುರು ಮಾತಾಡಬೇಕಾದವಳ ಒಂದು ಚೂರು ಗಾಬರಿಯೂ ಇಲ್ಲದೆ ಮಲಗಿದ್ದಳು. ಏನೂ ಮಾತಾಡಬೇಕಿಲ್ಲದ ಅಕ್ಕನಿಗೆ ಮಾತ್ರ ಬೆಳಕು ಹರಿಯುವ ಮೊದಲೇ ಎಚ್ಚರವಾಗಿತ್ತು. ದಿಂಬಿನ ಕೆಳಗೆ ಕೈ ಹಾಕಿ ನೋಡಿದಳು. ನಾಲ್ಕು ಮಡಿಕೆಯ ಚೀಟಿ ಅಲ್ಲೇ ಇತ್ತು. ಬುಧವಾರದಿಂದ ಅಲ್ಲೇ ಇದೆ. ಅದರಲ್ಲಿರುವುದು ಒಂದೇ ಒಂದು ಭಾಗಾಕಾರ. ತಂಗಿಗೆ ತೋರಿಸಬೇಕೋ, ಅಪ್ಪನಿಗೆ ತೋರಿಸಬೇಕೋ, ಹರಿದು ಕಸದ ಬುಟ್ಟಿಗೆ ಹಾಕಬೇಕೋ ಎಂದು ನಾಲ್ಕು ದಿನದಿಂದ ಒಂದೇ ಕಡೆ ತಿರುಗುತ್ತಿರುವ ಯೋಚನೆ. ಗಡಿಯಾರದ ಚಕ್ರದ ಹಾಗೆ ಅದಕ್ಕೆ ಇನ್ನೊಂದು ಹಲ್ಲು ಸಿಕ್ಕಿ ಮುಂದಕ್ಕೆ ಹೋಗುವ ಹಾಗೇ ಇರಲಿಲ್ಲ. ಇಷ್ಟಂತೂ ನಿಜ: ಆ ಚೀಟಿ ಕೈಗೆ ಬಂದಾಗಿನಿಂದ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, ತಂಗಿಯ ಮುಖವನ್ನು ಕಣ್ಣು ತಗ್ಗಿಸದೆ ನೋಡಲು ಅವಳಿಗೆ ಸಾಧ್ಯವಾಗಿತ್ತು. ಈಗಲೂ ಅದನ್ನೇ ಮಾಡುತ್ತಿದ್ದಳು. ಮಲಗಿರುವವಳನ್ನು ನೋಡುವುದರಲ್ಲಿ ಧೈರ್ಯವೇನು ಬಂತು ಎಂದು ತನಗೇ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದಳು.

ಕೆಳಗೆ ಅಪ್ಪ ಅಂಗಡಿಯ ಬಾಗಿಲೆತ್ತುವ ಸದ್ದು. ಭಾನುವಾರ ಅಂಗಡಿಗೆ ರಜೆ, ಆದರೂ ಎತ್ತುತ್ತಾರೆ. ಎತ್ತಿ, ಗೋಡೆಯ ಗಡಿಯಾರಗಳಿಗೆಲ್ಲ ಕೀಲಿ ಕೊಟ್ಟು, ಮತ್ತೆ ಇಳಿಸುತ್ತಾರೆ. ಗಡಿಯಾರದವನಿಗೆ ಅಂಕಿ ಅಂದರೆ ಒಡೆಯುವುದಕ್ಕೆಂದೇ ಇರುವ ವಸ್ತು. ಒಂದು ಚಕ್ರ ಏಳುನೂರ ಇಪ್ಪತ್ತು ಸುತ್ತು ಸುತ್ತಿದರೆ ಇನ್ನೊಂದು ಒಂದೇ ಸುತ್ತು ಸುತ್ತಬೇಕು ಅನ್ನಿ, ಏಳುನೂರ ಇಪ್ಪತ್ತು ಹಲ್ಲಿನ ಚಕ್ರವನ್ನು ಯಾವ ಪುಣ್ಯಾತ್ಮ ಕೊರೆಯುತ್ತಾನೆ? ಎಂಟು, ಒಂಬತ್ತು, ಹತ್ತು ಎಂದು ಒಡೆದರೆ ಮುಗಿಯಿತು, ಮೂರು ಸಣ್ಣ ಜೋಡಿ ಸಾಕು. "ಒಡೆಯೋ ಅಂಕಿಗೆ ಚಕ್ರ ಉಂಟು, ಒಡೆಯದ ಅಂಕಿಗೆ ಚಕ್ರ ಇಲ್ಲ" ಎಂಬುದು ಅಪ್ಪನ ಮಾತು, ಅವರ ಗುರುಗಳಿಂದ ಬಂದದ್ದು. ಆ ಅಭ್ಯಾಸ ಕೈಯಿಂದ ತಲೆಗೆ ಹತ್ತಿ, ಬಸ್ಸಿನ ಟಿಕೆಟ್ಟು, ಮನೆಯ ನಂಬರು, ಆಸ್ಪತ್ರೆಯಲ್ಲಿ ಕೊಡುವ ಟೋಕನ್ನು, ಕಣ್ಣಿಗೆ ಬಿದ್ದದ್ದನ್ನೆಲ್ಲ ಅಪ್ಪ ಕಡಲೆಕಾಯಿ ಬಿಡಿಸಿದ ಹಾಗೆ ಬಿಡಿಸಿ ಪಕ್ಕಕ್ಕಿಡುತ್ತಿದ್ದರು. ಮಕ್ಕಳನ್ನು ಮಾತ್ರ ಹೇಗೆ ಬಿಟ್ಟಾರು? ಹುಟ್ಟಿದ ದಿನ, ತಿಂಗಳು, ವರ್ಷ ಮೂರನ್ನೂ ಒತ್ತಾಗಿ ಬರೆದರೆ ಒಂದು ಸಂಖ್ಯೆ. ಅವಳದ್ದು ೬೦೩೧೯೮೦. ಅವಳಿಗೆ ಎಂಟು ವರ್ಷವಿದ್ದಾಗ ಅಪ್ಪ ಅದನ್ನು ಪೇಪರಿನ ಅಂಚಿನಲ್ಲಿ ಬರೆದು, ಲೋಟದ ಟೀ ಆರುವುದರೊಳಗೆ ಒಡೆದು ಮುಗಿಸಿದ್ದರು. ಎರಡು, ಎರಡು, ಮೂರು, ಮೂರು, ಐದು, ಇಪ್ಪತ್ಮೂರು, ಮೂವತ್ತೊಂದು, ನಲವತ್ತೇಳು. "ಇದೇನೇ ಇದು, ಮುಟ್ಟಿದರೆ ಪುಡಿಪುಡಿ! ನೀನು ಬರೀ ಚಿಲ್ಲರೆ ಕಣೇ" ಎಂದು ನಕ್ಕಿದ್ದರು. ಅಮ್ಮನೂ ನಕ್ಕಿದ್ದಳು. ಆ ಹೆಸರು ಹಾಗೇ ನಿಂತುಬಿಟ್ಟಿತು. ಅಮ್ಮ ತೀರಿಹೋಗಿ ಆರು ವರ್ಷವಾದರೂ, ಅಂಗಡಿಗೆ ಬರುವ ಗಿರಾಕಿಗಳು ಕೂಡ 'ಚಿಲ್ಲರೆಮ್ಮ ಇಲ್ವಾ?' ಎಂದು ಕೇಳುವಷ್ಟು.

ತಂಗಿಯದ್ದು ೨೯೦೧೧೯೮೭. ಅದನ್ನು ಎರಡರಿಂದ, ಮೂರರಿಂದ, ಏಳರಿಂದ, ಹನ್ನೊಂದರಿಂದ ಭಾಗಿಸಿ ನೋಡಿ ಅಪ್ಪ ಲೋಟ ಕೆಳಗಿಟ್ಟಿದ್ದರು. ಒಂದು ಅಂಕಿ ಒಡೆಯುವುದೇ ಆದರೆ ಅದರ ವರ್ಗಮೂಲದೊಳಗೆ ಎಲ್ಲಾದರೂ ಒಂದು ತುಂಡು ಸಿಗಲೇಬೇಕು. ಇದರ ವರ್ಗಮೂಲ ಐದು ಸಾವಿರದ ಮುನ್ನೂರ ಎಂಬತ್ತಾರು, ಚಿಲ್ಲರೆ. ಅಷ್ಟರವರೆಗಿನ ಒಡೆಯದ ಅಂಕಿಗಳ ಪಟ್ಟಿ ಗುರುಗಳ ಹಳೆಯ ಕೈಪಿಡಿಯಲ್ಲಿತ್ತು. ಅವರು ಅದನ್ನು ಎರಡೇ ದಿನಕ್ಕೆ ಕೊಟ್ಟಿದ್ದರು. ಅಪ್ಪನಿಗೆ ಅಂಗಡಿಯಲ್ಲಿ ಕೆಲಸ. "ಚಿಲ್ಲರೇ, ನಿನ್ನ ಅಕ್ಷರ ಮುತ್ತಿನ ಹಾಗಿದೆ, ನೀನೇ ಬರ್ಕೊಡು" ಎಂದರು. ಒಂಬತ್ತು ವರ್ಷದ ಹುಡುಗಿ ಎರಡು ದಿನ ಆಟ ಬಿಟ್ಟು, ಗೆರೆ ಎಳೆದ ನೋಟುಬುಕ್ಕಿನಲ್ಲಿ ಬರೆದುಕೊಟ್ಟಳು. ಆ ಚಳಿಗಾಲದ ಸಂಜೆಗಳಲ್ಲೆಲ್ಲ ಅಪ್ಪ ಒಂದೊಂದರಿಂದ ಭಾಗಿಸಿ, ಶೇಷ ಉಳಿದ ಮೇಲೆ ಒಂದೊಂದಕ್ಕೆ ಕೆಂಪು ಗುರುತು ಹಾಕುತ್ತ ಹೋದರು. ತಂಗಿಗೆ ಮೂರು ವರ್ಷ ತುಂಬಿದ ದಿನ ಕೊನೆಯ ಗುರುತು ಬಿತ್ತು. "ಏಳುನೂರ ಎಂಟು ಸಲ ಬಾಗಿಲು ತಟ್ಟಿದೆ, ಒಂದು ಸಲಾನೂ ತೆಗೀಲಿಲ್ಲ. ಒಡೆಯಲ್ಲ! ನನ್ನ ಗಟ್ಟಿಗಿತ್ತಿ!" ಎಂದು ಮಗುವನ್ನು ಎತ್ತಿ ಸೂರಿಗೆ ತಲೆ ತಾಗುವ ಹಾಗೆ ಹಾರಿಸಿದರು. ಮರುದಿನ ಹಿತ್ತಾಳೆಯ ತಗಡಿನಲ್ಲಿ ಆ ಎಂಟು ಅಂಕಿಗಳನ್ನು ಕೊರೆದು ಅಂಗಡಿಯ ಗೋಡೆಗೆ, ಗುರುಗಳ ಫೋಟೋದ ಪಕ್ಕಕ್ಕೆ, ತೂಗುಹಾಕಿದರು. ವಾರಕ್ಕೊಮ್ಮೆ ಅದನ್ನು ಉಜ್ಜಿ ಹೊಳಪಿಡುವ ಕೆಲಸ ಮಾತ್ರ ಇವತ್ತಿಗೂ ಅವಳದೇ.

ಅವಳಿಗೆ ಏನೂ ಕೊಡಲಿಲ್ಲ ಎನ್ನುವ ಹಾಗಿಲ್ಲ. ಹತ್ತನೆಯ ಹುಟ್ಟುಹಬ್ಬಕ್ಕೆ ಅಪ್ಪ ಒಂದು ಗಾಜಿನ ಪೆಟ್ಟಿಗೆ ಮಾಡಿಕೊಟ್ಟರು. ಒಳಗೆ ನಾಲ್ಕು ಚಕ್ರ: ನಲವತ್ತೈದು, ನಲವತ್ತಾರು, ನಲವತ್ತೇಳು, ಅರವತ್ತೆರಡು ಹಲ್ಲು. ಒಂದು ಚಕ್ರ ಪೂರ್ತಿ ಸುತ್ತಿದರೆ ಮುಂದಿನದು ಒಂದೇ ಹಲ್ಲು ಸರಿಯುತ್ತದೆ. ಹೊರಗೆ ಒಂದು ಹಿಡಿ. ಹಿಡಿಯನ್ನು ಅರವತ್ತು ಲಕ್ಷದ ಮೂವತ್ತೊಂದು ಸಾವಿರದ ಒಂಬೈನೂರ ಎಂಬತ್ತು ಸಲ ತಿರುಗಿಸಿದರೆ ಕೊನೆಯ ಚಕ್ರ ಒಂದು ಸುತ್ತು ಮುಗಿಸುತ್ತದೆ, ಅಂದರೆ ಅವಳ ಹುಟ್ಟಿದ ದಿನ ಪೂರ್ತಿಯಾಗುತ್ತದೆ. ಅದು ಅಂಗಡಿಯ ಕೌಂಟರಿನ ಮೇಲಿದೆ. ಗಿರಾಕಿಗಳ ಜೊತೆ ಬಂದ ಮಕ್ಕಳು ತಿರುಗಿಸುತ್ತವೆ, ಬೇಜಾರಾಗಿ ಬಿಡುತ್ತವೆ. ಇಷ್ಟು ವರ್ಷಗಳಲ್ಲಿ ಕೊನೆಯ ಚಕ್ರ ಮೂರು ಹಲ್ಲು ಸರಿದಿದೆ. ಯಾರೂ ಅದರ ಕಥೆ ಕೇಳುವುದಿಲ್ಲ. ಗೋಡೆಯ ತಗಡಿನ ಕಥೆಯನ್ನು ಕೇಳದವರಿಗೂ ಅಪ್ಪ ಹೇಳುತ್ತಾರೆ. ಹೊಟ್ಟೆಕಿಚ್ಚು ಎಂಬ ಶಬ್ದವನ್ನು ಅವಳು ಒಮ್ಮೆ ಡೈರಿಯಲ್ಲಿ ಬರೆದು, ಅದರ ಮೇಲೆ ಗೀಟೆಳೆದು, 'ತಲೆನೋವು' ಎಂದು ತಿದ್ದಿದ್ದಳು. ತಂಗಿಯ ಓದಿನ ಮೇಲಲ್ಲ, ಊರು ಬಿಟ್ಟುಹೋಗಿ ಸಂಖ್ಯೆಗಳ ಬಗ್ಗೆಯೇ ಪಾಠ ಹೇಳುವ ಕೆಲಸ ಹಿಡಿದದ್ದರ ಮೇಲೂ ಅಲ್ಲ, ಪೇಪರಿನಲ್ಲಿ ಬಂದ ಫೋಟೋದ ಮೇಲೂ ಅಲ್ಲ. ಅವೆಲ್ಲ ದುಡಿದು ಗಳಿಸಿದ್ದು, ಗಳಿಸಿಕೊಳ್ಳಲಿ. ಏನೂ ಮಾಡದೆ, ಬರೀ ಒಂದು ದಿನ ಹುಟ್ಟಿದ್ದಕ್ಕೆ ಸಿಕ್ಕಿತಲ್ಲ, ಆ ಒಡೆಯದಿರುವಿಕೆ, ಅದರ ಮೇಲೆ. ತಾನು ಪಕ್ಕದ ಮನೆಯವರು ಗದರಿದರೂ ಅಳುತ್ತಿದ್ದಳು. ತಂಗಿ ಬಿದ್ದು ಮಂಡಿ ಒಡೆದುಕೊಂಡರೂ ಅಳುತ್ತಿರಲಿಲ್ಲ. ಅಪ್ಪ ತಗಡಿನ ಕಡೆ ಕಣ್ಣು ಹೊಡೆಯುತ್ತಿದ್ದರು. ಮಗು ಅಂಕಿಗೆ ತಕ್ಕ ಹಾಗೆ ಬೆಳೆಯಿತೋ, ಅಂಕಿ ಇದೆಯೆಂದು ಅಳು ನುಂಗಿತೋ ಎಂದು ಒಬ್ಬರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಆಮೇಲೆ ಬುಧವಾರದ ಅಂಚೆಯಲ್ಲಿ ಆಮಂತ್ರಣ ಬಂತು. ಊರಿನ ಗ್ರಂಥಾಲಯದ ಮಹಡಿಯಲ್ಲಿ ತಂಗಿಯ ಉಪನ್ಯಾಸ, 'ನನ್ನ ಸಂಖ್ಯೆ' ಎಂದು. ಕಾರ್ಡಿನ ಅಂಚಿಗೆ ಬಳ್ಳಿಯ ಹಾಗೆ ಎಂಟು ಅಂಕಿಗಳು: ೨, ೩, ೫, ೧೧, ೩೧, ೧೨೭, ೭೦೯, ೫೩೮೧. ಕೆಳಗೆ ಸಣ್ಣ ಅಕ್ಷರದಲ್ಲಿ ವಿವರ. ಒಡೆಯದ ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿದರೆ ಎರಡನೆಯದು ಮೂರು, ಮೂರನೆಯದು ಐದು, ಐದನೆಯದು ಹನ್ನೊಂದು, ಹನ್ನೊಂದನೆಯದು ಮೂವತ್ತೊಂದು. ಹೀಗೇ ಹೋದರೆ ಏಳುನೂರ ಒಂಬತ್ತನೆಯದು ೫೩೮೧. ಚೆನ್ನಾಗಿದೆ ಎಂದು ಅವಳು ಹೊಟ್ಟೆ ಉರಿಸಿಕೊಂಡೇ ಓದಿ, ಕಾರ್ಡನ್ನು ಕೌಂಟರಿನ ಗಾಜಿನ ಕೆಳಗೆ ಸೇರಿಸಿ, ಒಂದು ಚಕ್ರದ ಹಲ್ಲಿಗೆ ಅರ ಹಿಡಿದು ಉಜ್ಜತೊಡಗಿದಳು. ನಾಲ್ಕನೆಯ ಹಲ್ಲಿಗೆ ಅರ ನಿಂತಿತು. ಅಪ್ಪನ ಕೊನೆಯ ಕೆಂಪು ಗುರುತು ಬಿದ್ದದ್ದು ೫೩೮೧ರ ಮುಂದೆ. ಅದರ ಪಕ್ಕ ಅಪ್ಪನ ಕೈಯಲ್ಲೇ ಬರೆದದ್ದು: ಒಟ್ಟು ೭೦೮. ಏಳುನೂರ ಒಂಬತ್ತು ಇರಬೇಕಾದಲ್ಲಿ ಏಳುನೂರ ಎಂಟು. ಮರದ ಪೆಟ್ಟಿಗೆಯಿಂದ ನೋಟುಬುಕ್ಕು ತೆಗೆದಳು. ಹುಡುಕುವುದಕ್ಕೆ ಹೊತ್ತೇ ಹಿಡಿಯಲಿಲ್ಲ. ಬೆರಳು ತಾನಾಗಿಯೇ ಹೋಗಿ ನಿಂತಿತು ಎನ್ನುವುದೇ ಅವಳನ್ನು ಆಮೇಲೆ ಬಹಳ ಕಾಡಿತು. ೮೨೧, ೮೨೩, ೮೨೯. ನಡುವೆ ೮೨೭ ಇಲ್ಲ. ಮುತ್ತಿನಂಥ ಅಕ್ಷರ, ಎಲ್ಲೂ ಚಿತ್ತಿಲ್ಲ, ಒಂದು ಅಂಕಿ ಇಲ್ಲ. ಗಿರಾಕಿಯೊಬ್ಬರ ರಸೀದಿಯ ಹಿಂದೆ ಭಾಗಿಸಿದಳು. ಮೂರು ಸಲ ಹೋಯಿತು, ಐದು ಸಲ ಹೋಯಿತು, ಒಂದು ಸೊನ್ನೆ, ಎಂಟು ಸಲ, ಎಂಬತ್ತೆರಡು ಉಳಿಯಿತು. ಕೊನೆಯ ಏಳನ್ನು ಕೆಳಗಿಳಿಸಿದಳು. ಎಂಬತ್ತೆರಡರ ಪಕ್ಕ ಏಳು. ಬಿಟ್ಟುಹೋದ ಆ ಅಂಕಿಯೇ, ೮೨೭, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳುವ ಮೊದಲೇ ಬಾಗಿಲಲ್ಲಿ ಬಂದು ನಿಂತಂತೆ, ಕಾಗದದ ಮೇಲೆ ಬಂದು ನಿಂತಿತು. ಒಂದು ಸಲ. ಶೇಷ ಸೊನ್ನೆ.

ಮೊದಲು ಬಂದದ್ದು ಸಂತೋಷ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೊಟ್ಟೆಯ ಅಡಿಯಿಂದ ಎದ್ದು ಕಿವಿಯವರೆಗೆ ಬಿಸಿಯಾಗಿ ಬಂದ ಸಂತೋಷ. ಒಡೆಯಿತು. ಗೋಡೆಯ ತಗಡಿನ ಕಡೆ ನೋಡಿ ಬಾಯಿಬಿಟ್ಟು ಹೇಳಿದಳು, "ಒಡೀತಲ್ಲೇ." ಆಮೇಲೆ ಸಿಕ್ಕಿದ ತುಂಡು ೩೫೦೮೧ನ್ನೂ ಬಿಡದೆ ಹಿಡಿದುಕೊಂಡಳು, ಅದೂ ಪುಡಿಯಾಗಲಿ ಎಂದು. ನೂರ ಎಂಬತ್ತೊಂದರವರೆಗೆ ನಲವತ್ತೆರಡು ಭಾಗಾಕಾರ. ಅದು ಒಡೆಯಲಿಲ್ಲ. ಅಷ್ಟು ಹೊತ್ತಿಗೆ ಸಂತೋಷದ ಅಡಿಯಲ್ಲಿ ಇನ್ನೊಂದು ಬಂದು ಕೂತಿತ್ತು: ಇಷ್ಟು ವರ್ಷ ತಾನು ಯಾವುದಕ್ಕೆ ಉರಿದಳೋ ಅದನ್ನು ಮಾಡಿಕೊಟ್ಟದ್ದು ತನ್ನದೇ ಕೈ. ತಂಗಿ ಗಟ್ಟಿಗಿತ್ತಿಯಾದದ್ದು ಹುಟ್ಟಿದ ದಿನದಿಂದಲ್ಲ, ಅಕ್ಕ ಬರೆಯಲು ಮರೆತದ್ದರಿಂದ. ಆ ಮಧ್ಯಾಹ್ನ ಅವಳಿಗೆ ಈಗಲೂ ಕಾಣುತ್ತದೆ. ನಿದ್ದೆಯಿಂದೆದ್ದ ಎರಡು ವರ್ಷದ ಮಗು ತೂರಾಡುತ್ತ ಬಂದು ತೆರೆದಿಟ್ಟ ಕೈಪಿಡಿಯ ಮೇಲೆ ಕುಕ್ಕರುಬಡಿದು ಕೂತದ್ದು, "ಏಳೇ, ಏಳೇ ಮಾರಾಯ್ತಿ" ಎಂದು ಇವಳು ಎಳೆದದ್ದು, ಒಳಗಿನಿಂದ ಅಮ್ಮ "ಮಗೂನ ಅಳಿಸಬೇಡ್ವೇ" ಎಂದದ್ದು, ಮಗುವನ್ನು ಎತ್ತಿ ಪಕ್ಕಕ್ಕಿಟ್ಟು ಮತ್ತೆ ಬೆರಳಿಟ್ಟಾಗ ಅದು ೮೨೯ರ ಮೇಲೆ ಬಿದ್ದದ್ದು. ಇಷ್ಟು ಸರಿ. ಆದರೆ ಅದೇ ವಾರ, ಹಾಸಿಗೆಯಲ್ಲಿ ಮಗ್ಗಿಯ ಹಾಗೆ ತಾನೇ ಹೇಳಿಕೊಳ್ಳುತ್ತಿದ್ದಳಲ್ಲ, ಇಪ್ಪತ್ತೊಂದು ಇಪ್ಪತ್ಮೂರು ಇಪ್ಪತ್ತೇಳು ಇಪ್ಪತ್ತೊಂಬತ್ತು ಎಂದು? ಆಗ ಗೊತ್ತಾಗಿರಲಿಲ್ಲವೇ? ಗೊತ್ತಾಗಿ, ನೋಟುಬುಕ್ಕು ಚಿತ್ತಾಗುತ್ತದೆ ಎಂದು ಸುಮ್ಮನಾದಳೇ? ಅಪ್ಪ ಚಿತ್ತು ಕಂಡರೆ ಆಗದವರು. ಗೊತ್ತಿತ್ತೋ ಗೊತ್ತಿರಲಿಲ್ಲವೋ, ಬೆರಳು ಮಾತ್ರ ನೇರ ಅಲ್ಲಿಗೇ ಹೋಗಿ ನಿಂತಿತ್ತು.

"ಏನಕ್ಕ, ಹಾಗೆ ಕೂತಿದೀಯ? ನಾನು ಗೊರಕೆ ಹೊಡೀತಿದ್ನಾ?"

ತಂಗಿ ಕಣ್ಣು ಬಿಟ್ಟಿದ್ದಳು. ಅಕ್ಕನ ಕೈ ದಿಂಬಿನ ಮೇಲೆ ಗಟ್ಟಿಯಾಗಿ ಊರಿತು.

"ಇಲ್ಲಪ್ಪ. ಟೈಮಾಯ್ತು ಅಂತ ಎಬ್ಬಿಸೋಣ ಅಂತಿದ್ದೆ."

"ಎಬ್ಬಿಸೋಕೆ ಬಂದು ಹೆಣ ಕಾಯೋರ ಹಾಗೆ ಕೂತಿದೀಯಲ್ಲೇ." ತಂಗಿ ನಕ್ಕು, ಎದ್ದು ಕೂತು, ಮೂಲೆಯಲ್ಲಿದ್ದ ದೊಡ್ಡ ಕಾಗದದ ಸುರುಳಿಯ ಕಡೆ ತೋರಿಸಿದಳು. "ಅಕ್ಕ, ನಿನ್ನ ಬೆರಳಿಗೆ ಹಲ್ಲು ಎಣಿಸಿ ಅಭ್ಯಾಸ. ಅದರಲ್ಲಿ ಹನ್ನೆರಡು ಹಾಳೆ ಇದೆಯಾ ನೋಡ್ತೀಯಾ? ಬಿಚ್ಚಬೇಡ ಮತ್ತೆ, ಸುತ್ತೋಕಾಗಲ್ಲ."

ಅವಳು ಸುರುಳಿಯ ತುದಿಗೆ ಉಗುರು ತಾಗಿಸಿ ಅಂಚುಗಳನ್ನು ಒಂದೊಂದಾಗಿ ಎಣಿಸಿದಳು. ಹನ್ನೆರಡು. ಉಗುರಿನ ಸಂದಿಯ ಕಪ್ಪು ಎಣ್ಣೆ ಬಿಳಿ ಕಾಗದಕ್ಕೆ ತಾಗೀತೆಂದು ಕೈ ಹಿಂದಕ್ಕೆಳೆದುಕೊಂಡಳು. ತಂಗಿ ಅದನ್ನು ನೋಡಿದಳು. ನೋಡಿದ್ದು ಇವಳಿಗೆ ಗೊತ್ತಾಯಿತು.

"ಅಕ್ಕ, ಹೋಗೋ ಮುಂಚೆ ನಿನ್ನ ಹತ್ರ ಒಂದು ವಿಷಯ ಮಾತಾಡಬೇಕಿತ್ತು."

"ಏನು?"

"ಅದೇ, ಇವತ್ತಿನ..."

"ಚಿಲ್ಲರೇ!" ಕೆಳಗಿನಿಂದ ಅಪ್ಪ. "ನನ್ನ ಕೋಟಿನ ಗುಂಡಿ ಎಲ್ಲಿ ಹೋಯ್ತೇ? ಗಟ್ಟಿಗಿತ್ತಿ ಎದ್ದಳಾ?"

"ಆಮೇಲೆ ಹೇಳ್ತೀನಿ" ಎಂದು ತಂಗಿ ಟವೆಲು ಹೆಗಲಿಗೆ ಹಾಕಿಕೊಂಡು ಹೋದಳು. ಆಮೇಲೆ ಗುಂಡಿ ಹೊಲಿಯುವುದು, ಊಟ, ಗ್ರಂಥಾಲಯದವರ ಫೋನು. ಆ ಆಮೇಲೆ ಬರಲೇ ಇಲ್ಲ. ಚೀಟಿ ದಿಂಬಿನಿಂದ ಕೈಚೀಲಕ್ಕೆ ಬಂತು.

ಗ್ರಂಥಾಲಯದ ಮಹಡಿಯಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಬಾಗಿಲಲ್ಲಿ ಬಿಲ್ಲೆ ಚುಚ್ಚಿಕೊಂಡು ನಿಂತಿದ್ದ ಹುಡುಗಿ ಅಪ್ಪನನ್ನು "ಬನ್ನಿ ಸಾರ್, ಬನ್ನಿ" ಎಂದು ಮೊದಲ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿ ಬಂದಳು. ಸುರುಳಿ ಹೊತ್ತಿದ್ದ ಇವಳನ್ನು ನೋಡಿ, "ಅದನ್ನ ವೇದಿಕೆ ಮೇಲಿಟ್ಟು ನೀವು ಹಿಂದೆ ಕೂತ್ಕೊಳ್ಳಿ. ಮುಂದಿನ ಸಾಲು ಮನೆಯವರಿಗೆ" ಎಂದಳು. ನಾನು ಅಕ್ಕ ಎನ್ನುವುದಕ್ಕೆ ಎರಡು ಕ್ಷಣ ಸಾಕಿತ್ತು. ಸುರುಳಿಯನ್ನು ವೇದಿಕೆಯ ಮೇಲಿಟ್ಟು ಬಂದಳು. ಅಪ್ಪ ಅತ್ತ ಪಕ್ಕದವರಿಗೆ ಆಗಲೇ ಏನೋ ಹೇಳುತ್ತ ಕೈಯಲ್ಲಿ ತಗಡಿನ ಅಳತೆ ತೋರಿಸುತ್ತಿದ್ದರು. ಅವಳು ಆರನೆಯ ಸಾಲಿನಲ್ಲಿ, ಎತ್ತರದ ಒಬ್ಬರ ಬೆನ್ನಿನ ಹಿಂದೆ ಹೋಗಿ ಕೂತಳು. ಹೀಗೆ ಕೂತದ್ದೇ ಒಳ್ಳೆಯದಾಯಿತು, ಇಲ್ಲಿಂದ ಯಾರಿಗೂ ಕಾಣುವುದಿಲ್ಲ ಎಂದುಕೊಂಡಳು. ಕಾಣುವುದಿಲ್ಲ ಎಂದುಕೊಂಡ ಮೇಲೆ ಕಾಣಬೇಕೆಂಬ ಆಸೆ ಹುಟ್ಟಿತು.

ತಂಗಿ ಚೆನ್ನಾಗಿ ಮಾತಾಡಿದಳು. ಅದೇ ಸಂಕಟ. ಹಾಳೆಗಳನ್ನು ಚೌಕಟ್ಟಿಗೆ ಸಿಕ್ಕಿಸಿ ಒಂದೊಂದೇ ಹಿಂದಕ್ಕೆ ಮಗುಚುತ್ತ, ಅಂಗಡಿ, ಗಡಿಯಾರ, ಗುರುಗಳ ಮಾತು, ಒಡೆಯುವುದು, ಒಡೆಯದಿರುವುದು ಎಲ್ಲ ಹೇಳಿದಳು. ಐದನೆಯ ಹಾಳೆಯಲ್ಲಿ ಅವಳ ಗಾಜಿನ ಪೆಟ್ಟಿಗೆಯ ಚಿತ್ರ ಬಂತು. ನಾಲ್ಕು ಚಕ್ರ, ಹಲ್ಲುಗಳ ಲೆಕ್ಕ ಸರಿಯಾಗಿತ್ತು. "ನಮ್ಮಕ್ಕನ ಸಂಖ್ಯೆ ಇದು. ಇದಕ್ಕೆ ಚಕ್ರ ಇದೆ, ಇದು ತಿರುಗುತ್ತೆ. ಚಿಕ್ಕವಳಿದ್ದಾಗ ಇದನ್ನ ನಾನೂ ತಿರುಗಿಸಿದ್ದೇನೆ, ಯಾರೂ ಇಲ್ಲದಾಗ" ಎಂದಳು ತಂಗಿ. ಜನ ನಕ್ಕರು. ತನ್ನ ಪೆಟ್ಟಿಗೆಯೂ ತಂಗಿಯ ಬಾಯಿಂದಲೇ ಚೆನ್ನಾಗಿ ಕೇಳಬೇಕೇ ಎಂದು ಇವಳಿಗೆ ಮೈ ಉರಿಯಿತು. ಆ ಮಾತಿನ ಕೊನೆಯ ತುದಿ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಹಾಳೆಗಳು ಮಗುಚುತ್ತಲೇ ಇದ್ದವು. ಹನ್ನೊಂದನೆಯದರಲ್ಲಿ ನಡುವೆ ದೊಡ್ಡದಾಗಿ ೨೯೦೧೧೯೮೭.

"ಇದು ನಾನು. ನಮ್ಮಪ್ಪ ಒಂದು ಇಡೀ ಚಳಿಗಾಲ ಇದರ ಬಾಗಿಲು ತಟ್ಟಿದರು. ಇದು ಒಡೆಯುತ್ತೋ ಇಲ್ಲವೋ ಅಂತ ಖಾತ್ರಿಯಾಗಬೇಕಾದರೆ ಏಳುನೂರ ಒಂಬತ್ತು ಸಲ ತಟ್ಟಬೇಕು."

"ಎಂಟು!" ಮೊದಲ ಸಾಲಿನಿಂದ ಅಪ್ಪ ಎದ್ದೇ ನಿಂತುಬಿಟ್ಟರು. "ಏಳುನೂರ ಎಂಟು ಕಣಮ್ಮ! ತಟ್ಟಿದೋನು ನಾನು!"

ಸಭೆ ಗೊಳ್ಳೆಂದಿತು. ತಂಗಿಯೂ ನಕ್ಕಳು. "ಇರಿ ಅಪ್ಪ, ಅಲ್ಲಿಗೇ ಬರ್ತಿದೀನಿ" ಎಂದು ಹಾಳೆಯ ತುದಿಗೆ ಕೈ ಹಾಕಿದವಳ ಕಣ್ಣು ಅಪ್ಪನನ್ನು ದಾಟಿ ಸಾಲುಗಳ ಮೇಲೆ ಯಾರನ್ನೋ ಹುಡುಕಿತು.

ಅವಳು ಎದ್ದು ನಿಂತದ್ದು ಆಗ. ನಿಲ್ಲಬೇಕೆಂದು ನಿರ್ಧರಿಸಿದ್ದಳೇ ಎಂದು ಆಮೇಲೆ ಎಷ್ಟು ಕೆದಕಿದರೂ ಅಂಥ ಒಂದು ನಿರ್ಧಾರ ನೆನಪಿನಲ್ಲಿ ಸಿಗಲಿಲ್ಲ. ಮಂಡಿ ನೆಟ್ಟಗಾಯಿತು, ಎದುರಿನ ಬೆನ್ನು ಕೆಳಗಾಯಿತು, ತಲೆಗಳೆಲ್ಲ ಇತ್ತ ತಿರುಗಿದವು. "ಒಂಬತ್ತೇ" ಎಂದಳು. ಮುಂದಿನ ಸಾಲಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಏಳುನೂರ ಒಂಬತ್ತೇ ಅಪ್ಪ. ಪಟ್ಟೀಲಿ ಒಂದನ್ನ ನಾನು ಬಿಟ್ಟಿದ್ದೆ."

ಅಪ್ಪ ಕನ್ನಡಕ ಹಣೆಗೇರಿಸಿ ಆರನೆಯ ಸಾಲಿನವರೆಗೆ ಕಣ್ಣು ಕಿರಿದುಮಾಡಿದರು. "ಯಾರು, ಚಿಲ್ಲರೆನಾ? ಯಾವುದನ್ನೇ ಬಿಟ್ಟೆ?"

"ಎಂಟುನೂರ ಇಪ್ಪತ್ತೇಳು."

ಸಭೆಯಲ್ಲಿ ಅರ್ಥವಾದವರು ಬಹುಶಃ ಮೂವರೇ. ಅಪ್ಪ ಕೂತರು. ಆಮಂತ್ರಣದ ಕಾರ್ಡನ್ನು ತಿರುಗಿಸಿ, ಮಂಡಿಯ ಮೇಲಿಟ್ಟುಕೊಂಡು, ಅಂಗಡಿಯಲ್ಲಿ ಮಾಡುವ ಹಾಗೇ ಬಾಯಲ್ಲಿ ಮಣಮಣ ಹೇಳುತ್ತ ಭಾಗಿಸತೊಡಗಿದರು. ಅಷ್ಟು ಜನ ಮುದುಕರೊಬ್ಬರು ಭಾಗಾಕಾರ ಮಾಡುವುದನ್ನು ಉಸಿರು ಹಿಡಿದು ನೋಡಿದ್ದು ಆ ಮಹಡಿಯಲ್ಲಿ ಅದೇ ಮೊದಲಿರಬೇಕು. ವೇದಿಕೆಯ ಮೇಲೆ ತಂಗಿ ಹಾಳೆಯ ತುದಿ ಹಿಡಿದವಳು ಹಿಡಿದೇ ನಿಂತಿದ್ದಳು. ಈಗ ಒಡೆಯುತ್ತಾಳೆ ಎಂದು ಇವಳು ಕಾದಳು. ತಾನು ಇದನ್ನೇ ನೋಡಲು ಎದ್ದದ್ದು ಎಂಬುದು ನಿಚ್ಚಳವಾಗಿ, ಅದರ ಕೊಳಕಿನೊಡನೆ, ಗೊತ್ತಾಯಿತು. ಆದರೂ ಕಣ್ಣು ಕೀಳಲಿಲ್ಲ. ತಂಗಿಯ ಮುಖ ಒಡೆಯಲಿಲ್ಲ. ಅವಳು ಹಾಳೆಯ ತುದಿಯನ್ನು ಮೆಲ್ಲಗೆ ಬಿಟ್ಟಳು, ಅಷ್ಟೆ.

"ಎಂಬತ್ತೆರಡು ಉಳೀತು... ಏಳು ಇಳಿಸಿದೆ..." ಅಪ್ಪನ ಪೆನ್ನು ನಿಂತಿತು. ಒಂದು ಕ್ಷಣ ಅವರ ಭುಜ ಕುಸಿದಂತೆ ಕಂಡಿತು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. "ಒಡೀತು! ನೋಡ್ರಪ್ಪ, ಇಷ್ಟು ವರ್ಷ ಆದ ಮೇಲೆ ಒಡೀತು! ಮೂವತ್ತೈದು ಸಾವಿರದ ಎಂಬತ್ತೊಂದು! ಚಿಲ್ಲರೇ, ಇದೂ ಒಡೆಯುತ್ತೇನೇ?"

ಗಟ್ಟಿಗಿತ್ತಿಯನ್ನು ಕೇಳಲಿಲ್ಲ. ಚೌಕಟ್ಟಿನ ಪಕ್ಕದಲ್ಲೇ ನಿಂತಿದ್ದ ಓದಿದ ಮಗಳನ್ನು ಬಿಟ್ಟು, ಹಿಂದಕ್ಕೆ ಕುತ್ತಿಗೆ ತಿರುಗಿಸಿ, ಇವಳನ್ನು ಕೇಳಿದರು.

"ಇಲ್ಲ ಅಪ್ಪ. ನೋಡಿದೀನಿ. ನಲವತ್ತೆರಡು ಸಲ."

"ನೋಡಿದಾಳಂತೆ!" ಎಂದು ಅಪ್ಪ ಪಕ್ಕದವರಿಗೆ ಹೇಳಿದರು. ತಂಗಿ ದಪ್ಪ ಪೆನ್ನು ತೆಗೆದುಕೊಂಡು ಹನ್ನೊಂದನೆಯ ಹಾಳೆಯ ಕೆಳಗಿನ ಖಾಲಿ ಜಾಗದಲ್ಲಿ, ಆತುರವಿಲ್ಲದೆ, ೮೨೭ × ೩೫೦೮೧ ಎಂದು ಬರೆದು ಸಭೆಯ ಕಡೆ ತಿರುಗಿದಳು. "ನಮ್ಮಕ್ಕ" ಎಂದಳು. ಚಪ್ಪಾಳೆ ಬಿತ್ತು. ಬಿಲ್ಲೆಯ ಹುಡುಗಿ ಓಡಿಬಂದು, "ಅಯ್ಯೋ, ನೀವು ಮೇಡಮ್ ಅವರ ಅಕ್ಕ ಅಂತ ಹೇಳಬಾರದಾ" ಎಂದು ಅವಳನ್ನು ಮುಂದಿನ ಸಾಲಿಗೆ ಕರೆದೊಯ್ದಳು. ಅಪ್ಪ ಅವಳ ಮೊಣಕೈ ಹಿಡಿದು ಅಲ್ಲಾಡಿಸುತ್ತಲೇ ಇದ್ದರು. "ಎಂಟ್ನೂರ ಇಪ್ಪತ್ತೇಳು ಹಲ್ಲು! ಯಾರು ಕೊರೀತಾರೆ ಅದನ್ನ! ಆದರೂ ಒಡೀತಲ್ಲ, ಹ್ಹ! ಆ ತಗಡು ಇಳಿಸಬೇಕು ಕಣೇ." ಬೇಡ, ಇರಲಿ ಎನ್ನಬೇಕೆಂದುಕೊಂಡಳು. ಅನ್ನಲಿಲ್ಲ. ಮೈಯೆಲ್ಲ ಹಗುರಾಗಿ, ಪಾದ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬಂತಿತ್ತು.

ಜನ ಟೀ ಲೋಟಗಳ ಕಡೆ ಹೋದ ಮೇಲೆ ಅವಳು ವೇದಿಕೆ ಹತ್ತಿ ಹಾಳೆಗಳನ್ನು ಬಿಚ್ಚತೊಡಗಿದಳು. ಆ ಕೆಲಸ ಯಾರೂ ಹೇಳದೆಯೇ ಅವಳದು. ಹನ್ನೊಂದನ್ನು ಬಿಡಿಸಿ ಸುತ್ತಿದಳು. ಚೌಕಟ್ಟಿನಲ್ಲಿ ಇನ್ನೂ ಒಂದು ಉಳಿದಿತ್ತು, ತಂಗಿ ಮಗುಚದೇ ಬಿಟ್ಟದ್ದು. ಮೇಲೆ ದೊಡ್ಡದಾಗಿ ೨೯೦೧೧೯೮೭ = ೮೨೭ × ೩೫೦೮೧. ಅದರ ಕೆಳಗೆ ಒಬ್ಬ ಸಣ್ಣ ಹುಡುಗಿ ಮಂಡಿಯೂರಿ ಬರೆಯುತ್ತಿರುವ ಗೆರೆಚಿತ್ರ, ಅವಳ ಎದುರಿನ ತೆರೆದ ಪುಸ್ತಕದ ಮೇಲೆ ಕೂತ ಒಂದು ಮಗು. ಎರಡು ವರ್ಷದ ಮಗುವಿಗೆ ನೆನಪಿರುವುದಿಲ್ಲ, ಅಮ್ಮ ಹೇಳಿರಬೇಕು. ಅಂಚಿನಲ್ಲಿ ಪೆನ್ಸಿಲಿನಲ್ಲಿ, ತನ್ನ ನೆನಪಿಗೆಂದು ತಂಗಿ ಬರೆದುಕೊಂಡದ್ದು: 'ಕೈಪಿಡಿಯಲ್ಲೇ ಅಚ್ಚಿನ ತಪ್ಪು ಅಂತ ಹೇಳುವುದು. ಅಕ್ಕನನ್ನು ಮೊದಲೇ ಕೇಳಬೇಕು. ಅವಳು ಬೇಡ ಅಂದರೆ ಈ ಹಾಳೆ ಬೇಡ.'

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಮೈಯ ಹಗುರ ಎಲ್ಲಿಂದ ಬಂದಿತ್ತೋ ಆ ದಾರಿಯಲ್ಲೇ ಹೊರಟುಹೋಯಿತು. ಇದೂ ತಂಗಿಯದೇ. ಒಡೆದದ್ದೂ ಅವಳೇ, ಮೊದಲು. ಎಷ್ಟು ವರ್ಷ ಮೊದಲೋ. ಮೆಲ್ಲಗೆ ಬಿಟ್ಟ ಆ ಹಾಳೆಯ ತುದಿ, ಕೆಳಗಿನ ಖಾಲಿ ಜಾಗ, ಆತುರವಿಲ್ಲದ ಪೆನ್ನು. ಬಟ್ಟಲಿನಲ್ಲಿ ಹಾಕಿ ಕೊಟ್ಟ ಹಾಗೆ ಕೊಟ್ಟಿದ್ದಾಳೆ, ತಾನು ಕಿತ್ತುಕೊಂಡೆನೆಂದು ಹಿಗ್ಗಿದ್ದಳು. ಕೋಪ ಬಂತು. ತಂಗಿಯ ಮೇಲೆ ಬಂದ ಕೋಪಕ್ಕೆ ಕಾರಣವೊಂದೂ ಕೈಗೆ ಸಿಗಲಿಲ್ಲ, ಅದಕ್ಕೇ ಇನ್ನಷ್ಟು ಬಂತು. ಮೆಟ್ಟಿಲ ಕಡೆಯಿಂದ ಅಪ್ಪನ ದನಿ ಕೇಳುತ್ತಿತ್ತು. "ದೊಡ್ಡವಳು, ದೊಡ್ಡವಳು ಒಡೆದದ್ದು. ಮನೇಲೇ ಇರ್ತಾಳೆ, ಬಾಯಿಬಿಟ್ಟು ಹೇಳೋಳಲ್ಲ." ಆ ದನಿಯಲ್ಲಿ ಹಿಂದೆಂದೂ ಅವಳ ಪಾಲಿಗೆ ಬಾರದ ಒಂದು ಏರು ಇತ್ತು. ಅವಳು ಹಾಳೆಯನ್ನು ಎಂಟು ಮಡಿಕೆ ಮಾಡಿದಳು. ಕೈಚೀಲದಲ್ಲಿ, ಬುಧವಾರದ ಚೀಟಿಯ ಪಕ್ಕ, ಅದು ಬಿಗಿಯಾಗಿ ಹಿಡಿಸಿತು.

ಬಸ್ಸಿನ ನಿಲ್ದಾಣದಲ್ಲಿ ಅಪ್ಪ ಟಿಕೆಟ್ಟಿನ ಅಂಕಿ ಒಡೆಯುವ ಉತ್ಸಾಹದಲ್ಲಿ ಮುಂದೆ ನಿಂತಿದ್ದರು. ತಂಗಿ ಇವಳ ಪಕ್ಕಕ್ಕೆ ಬಂದು, ಅವಳ ಕೈಯಲ್ಲಿದ್ದ ಸುರುಳಿಯನ್ನು ತಾನು ತೆಗೆದುಕೊಂಡಳು. ಕೈಯಲ್ಲಿ ಒಂದೆರಡು ಸಲ ತೂಗಿದಂತೆ ಮಾಡಿದಳು.

"ಎಲ್ಲ ಹಾಳೆ ಬಂತಾ ಅಕ್ಕ?"

"ಬಂತು."

"ಎಷ್ಟಿತ್ತು?"

ಅಂಚುಗಳನ್ನು ಎಣಿಸಿದ ಉಗುರು ಇನ್ನೂ ಅವಳ ಬೆರಳಲ್ಲೇ ಇತ್ತು, ಸಂದಿಯಲ್ಲಿ ಅದೇ ಕಪ್ಪು. ತೆರೆದ ಪುಸ್ತಕ, ಎತ್ತಿ ಪಕ್ಕಕ್ಕಿಟ್ಟ ಮಗು, ಮತ್ತೆ ಇಟ್ಟ ಬೆರಳು. ಒಂದನ್ನು ಬಿಡುತ್ತಿದ್ದೇನೆಂದು ಈ ಸಲ ಗೊತ್ತಿತ್ತು.

"ಹನ್ನೊಂದು" ಎಂದಳು.

ತಂಗಿ ಅವಳನ್ನು ನೋಡಿದಳು. ಬಸ್ಸು ಬಂತು, ಅಪ್ಪ ಕೈ ಬೀಸಿ ಕರೆದರು. ತಂಗಿ ಸುರುಳಿಯನ್ನು ಬಗಲಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ಅಕ್ಕನ ಕೈಚೀಲದ ತೆರೆದಿದ್ದ ಬಾಯಿಯ ಗುಂಡಿ ಹಾಕಿದಳು.

"ಹೌದು, ಹನ್ನೊಂದೇ ಇತ್ತು" ಎಂದಳು. "ನಾನೇ ತಪ್ಪು ಎಣಿಸಿದ್ದೆ."